ನಾನು ನೆಟ್ಟಗೆ ಮಾಡಿದ ಗಾಂಧಾರ

ರೆಕಾರ್ಡಿಂಗ್ ಕೆಲಸ ಕಲಿಯುವ ಹುಡುಗರು, ಹುಡುಗಿಯರು ಈಗಲೂ ಒಬ್ಬಿಬ್ಬರು ನನ್ನನ್ನು ಹುಡುಕಿಕೊಂಡು ಕೋಗಿಲಿನ ನಮ್ಮ ಮನೆಗೆ ಬರುತ್ತಾರೆ. ಯಾವ ಮೈಕ್ ಒಳ್ಳೆಯದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು ಕೇಳುತ್ತಾರೆ. ಅದೆಲ್ಲ ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ನಾನು ಹೇಳಬೇಕಾದದ್ದು ಬೇರೆ. ಎದುರಿಗೆ ಕೂತು ಅದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಸ್ಟುಡಿಯೋ ಯಶವಂತಪುರದಲ್ಲಿತ್ತು, ರೈಲು ನಿಲ್ದಾಣದಿಂದ ಕೂಗಳತೆ ದೂರದಲ್ಲಿ. ಹಾಡು ಹಿಡಿಯಲು ಅದಕ್ಕಿಂತ ಕೆಟ್ಟ ಜಾಗ ಊರಲ್ಲಿ ಸಿಗುತ್ತಿರಲಿಲ್ಲವೇನೋ. ಒಳಗೆ ಗಾಯಕರು ಕಣ್ಣು ಮುಚ್ಚಿ ‘ರಂಗಾ’ ಎಂದು ಕರೆದರೆ ಹೊರಗಿನಿಂದ ಗೂಡ್ಸ್ ಗಾಡಿ ಓಗೊಡುತ್ತಿತ್ತು. ನಾನು ಮೊದಲು ಬಾಯಿಪಾಠ ಮಾಡಿದ್ದು ರಾಗಗಳನ್ನಲ್ಲ, ರೈಲುಗಳ ವೇಳಾಪಟ್ಟಿಯನ್ನು. ನಮ್ಮಮ್ಮನಿಗೆ ಈ ಕೆಲಸವೆಂದರೆ ತಾತ್ಸಾರ. “ಇಂಗೆ ಕಿವಿಗೆ ಬಟ್ಲು ಸಿಗಿಸ್ಕೊಂಡು ಕುಂತ್ರೆ ಒಟ್ಟೆ ತುಂಬ್ತದೇನ್ಲಾ?” ಎಂದು ನನ್ನ ಹೆಡ್‌ಫೋನನ್ನು ಆಡಿಕೊಳ್ಳುತ್ತಿದ್ದಳು. ಊರಿನ ಉಳಿದ ಹುಡುಗರು ಹೊಲ ಉಳುತ್ತಿದ್ದ ಕಾಲ ಅದು. ಆಮೇಲೆ ಅವರೆಲ್ಲ ಹೊಲ ಮಾರಿ ಬಿಲ್ಡರ್‌ಗಳಾದರು, ನಾನು ಬಟ್ಟಲು ಸಿಗಿಸಿಕೊಂಡೇ ಉಳಿದೆ.

ಮೊದಲ ದೊಡ್ಡ ತಪ್ಪು ಆ ರೈಲಿನಿಂದಲೇ ಆಯಿತು. ತಡವಾಗಿ ಬಂದ ಗಾಡಿಯೊಂದು ದೇವರನಾಮದ ಕೊನೆಯ ಚರಣದಲ್ಲಿ ಕೂಗಿತು. ದಿನವೂ ಕೇಳಿ ಕೇಳಿ ಕಿವಿ ಜಡ್ಡುಗಟ್ಟಿದ್ದರಿಂದ ನನಗದು ಕೇಳಿಸಲೇ ಇಲ್ಲ. ಕ್ಯಾಸೆಟ್ ಅಂಗಡಿಗೆ ಹೋಯಿತು. ‘ದೇವರ ಜೊತೆ ಗಾಡಿಯನ್ನೂ ಕರೆದಿದ್ದೀರಿ’ ಎಂದು ಯಾರೋ ಕಾರ್ಡು ಬರೆದು ಹಾಕಿದರು. ನಮ್ಮ ಯಜಮಾನರು ಆ ಕಾರ್ಡನ್ನು ನನ್ನ ಮುಂದೆ ಇಟ್ಟು, ಒಂದು ತಿಂಗಳು ಮೆಷಿನ್ ಮುಟ್ಟಬೇಡ, ಕೇಬಲ್ ಸುತ್ತು ಎಂದರು. ಸುತ್ತಿದೆ.

ಅವರನ್ನು ನಾವು ರಾಯರು ಎನ್ನುತ್ತಿದ್ದೆವು. ಸ್ವತಃ ಹಾಡುತ್ತಿರಲಿಲ್ಲ, ಆದರೆ ಅವರ ಕಿವಿಗೆ ದೊಡ್ಡ ದೊಡ್ಡ ವಿದ್ವಾಂಸರು ಹೆದರುತ್ತಿದ್ದರು. ‘ಶ್ರುತಿ ಮಾತೆ, ಲಯ ಪಿತ’ ಎಂಬ ಮಾತನ್ನು ಗೋಡೆಯ ಮೇಲೆ ಬರೆಸಿದ್ದರು. “ಅಪಸ್ವರ ಅಂದ್ರೆ ಅನ್ನದಲ್ಲಿ ಕಲ್ಲು ಕಣಯ್ಯಾ ನಾಗರಾಜ. ಒಂದೇ ಒಂದು ಸಿಕ್ರೂ ಊಟ ಕೆಟ್ಟ ಹಾಗೆ” ಎನ್ನುವರು. ಆ ಕಲ್ಲು ಆರಿಸುವುದನ್ನು ನನಗೆ ಕಲಿಸಿದವರು ಅವರೇ. ಬ್ಲೇಡಿನಿಂದ ಟೇಪು ಕತ್ತರಿಸಿ, ಕೆಟ್ಟ ತುಂಡನ್ನು ಬಿಸಾಡಿ, ಒಳ್ಳೆಯ ತುಂಡನ್ನು ಅಂಟಿಸುತ್ತಿದ್ದೆವು. ಆಡಿದ ಮಾತನ್ನೂ ಒಡೆದ ಮುತ್ತನ್ನೂ ವಾಪಸು ಪಡೆಯಬಲ್ಲವರು ನಾವು ಮಾತ್ರ ಎಂದು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ರಾಯರ ಇನ್ನೊಂದು ನೇಮವಿತ್ತು. ಟೇಪು ಸುಲಭಕ್ಕೆ ಸಿಗದ ಕಾಲವಾದ್ದರಿಂದ, ಅಂತಿಮ ಪ್ರತಿ ತಯಾರಾದ ಕೂಡಲೇ ಮೊದಲು ಹಿಡಿದದ್ದನ್ನು ಅಳಿಸಿ ಅದೇ ಸುರುಳಿಯನ್ನು ಮುಂದಿನವರಿಗೆ ಬಳಸಬೇಕು. “ಕೆಲಸ ಮುಗಿದ್ಮೇಲೆ ಕಚ್ಚಾ ಮಾಲು ಮನೇಲಿರಬಾರ್ದು” ಎನ್ನುವರು. ಹೀಗೆ ನಾನು ಅಳಿಸಿದ ಕಂಠಗಳಿಗೆ ಲೆಕ್ಕವಿಲ್ಲ. ಆಗ ಒಂದು ದಿನವೂ ಏನೂ ಅನಿಸಲಿಲ್ಲ. ಒಲೆ ಹೊತ್ತಿಸುವ ಮುಂಚೆ ಬೂದಿ ತೆಗೆಯುವುದಿಲ್ಲವೇ, ಹಾಗೆ.

ರಾಯರು ಹೋದ ಮೇಲೆ ಅವರ ಮನೆಯವರು ಸ್ಟುಡಿಯೋವನ್ನು ಆರ್.ಟಿ. ನಗರಕ್ಕೆ ತಂದರು. ಕಂಪ್ಯೂಟರ್ ಬಂತು. ನಮ್ಮ ಕಸುಬಿನಲ್ಲಿ ಆದ ಅತಿ ದೊಡ್ಡ ಬದಲಾವಣೆ ಯಾವುದು ಎಂದು ಕೇಳಿದರೆ, ಕೇಳುವ ಕೆಲಸ ನೋಡುವ ಕೆಲಸವಾದದ್ದು ಎನ್ನುತ್ತೇನೆ. ಪರದೆಯ ಮೇಲೆ ಒಂದೊಂದು ಸ್ವರಕ್ಕೂ ಒಂದೊಂದು ಗೆರೆ. ಹಾಡಿದ ಸ್ವರ ಗೆರೆಯ ಮೇಲೆ ಕೂತಿದ್ದರೆ ಸರಿ, ಇಲ್ಲದಿದ್ದರೆ ಮೌಸ್‌ನಿಂದ ಹಿಡಿದೆತ್ತಿ ಕೂರಿಸಬಹುದು. ಚಿಕ್ಕಬಾಣಾವರದ ಶ್ರೀಮಂತರೊಬ್ಬರಿಗೆ ಗೃಹಪ್ರವೇಶಕ್ಕೆ ತಾವೇ ಹಾಡಿದ ಭಜನೆಯ ಸಿ.ಡಿ. ಹಂಚುವ ಆಸೆ. ಅವರ ಕಂಠಕ್ಕೂ ಶ್ರುತಿಗೂ ಎಣ್ಣೆ ಸೀಗೆಕಾಯಿ. ಮೂರು ದಿನ ಕೂತು ಒಂದೊಂದೇ ಅಕ್ಷರವನ್ನು ಎತ್ತಿ ಕೂರಿಸಿದೆ. ಕೇಳಿ ಅವರು ಅತ್ತೇಬಿಟ್ಟರು. “ನಾನಾ ಇದು, ನಾಗರಾಜು?” ಎಂದರು. ಅಂದಿನಿಂದ ಸ್ಟುಡಿಯೋದಲ್ಲಿ ನನಗೆ ‘ಇಸ್ತ್ರಿ ನಾಗರಾಜ’ ಎಂದು ಹೆಸರು ಬಿತ್ತು. ಎಂಥ ಸುಕ್ಕಿದ್ದರೂ ತೆಗೆಯುತ್ತಾನೆ ಎಂದು ಅರ್ಥ. ಆ ಹೆಸರು ಕೇಳಿದರೆ ನನಗೆ ಎದೆ ಉಬ್ಬುತ್ತಿತ್ತು. ಸುಳ್ಳೇಕೆ ಹೇಳಲಿ.

ಖಾದರ್ ಭಾಯ್ ನಮ್ಮ ಸ್ಟುಡಿಯೋದ ಹಿಂದಿನ ರಸ್ತೆಯವರು. ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಸ್ಯಾಕ್ಸೊಫೋನ್ ಊದುತ್ತಿದ್ದರು. ಯಾವುದಾದರೂ ಹಾಡಿಗೆ ತುತ್ತೂರಿ, ಸ್ಯಾಕ್ಸ್ ಬೇಕಾದರೆ ಕರೆಯುತ್ತಿದ್ದೆವು. ಬರುವರು, ಊದುವರು, ಸುಲೇಮಾನಿ ಚಹಾ ಕುಡಿದು ಹೋಗುವರು. ಬಹಳ ವರ್ಷದ ಮೇಲೆ ಒಂದು ದಿನ ಗೊತ್ತಾಯಿತು, ಅವರು ಹರೆಯದಲ್ಲಿ ದಂಡುಪ್ರದೇಶದ ಡಾನ್ಸ್ ಹಾಲ್ ಒಂದರ ಜಾಝ್ ತಂಡದಲ್ಲಿದ್ದವರು ಎಂದು. ಸ್ಟ್ಯಾನ್ಲಿ ಎಂಬ ಆಂಗ್ಲೋ ಇಂಡಿಯನ್ ಮೇಷ್ಟ್ರು ಅವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬ್ಲೂಸ್ ಕಲಿಸಿದ್ದರಂತೆ. ಹಾಲ್ ಮುಚ್ಚಿತು, ಮೇಷ್ಟ್ರು ಹಡಗು ಹತ್ತಿದರು, ಇವರು ಬ್ಯಾಂಡ್‌ಸೆಟ್ಟಿನ ಕೆಂಪು ಕೋಟು ತೊಟ್ಟರು.

ಇದು ಗೊತ್ತಾದದ್ದು ದಿನಕರ್ ಎಂಬುವರಿಂದ. ಯಲಹಂಕದ ನಿವೃತ್ತ ಎಂಜಿನಿಯರ್. ಮನೆಯಲ್ಲಿ ಎರಡು ಬೀರು ತುಂಬ ಹಳೆಯ ರೆಕಾರ್ಡುಗಳು. ಹೆಬ್ಬಾಳದ ಹೋಟೆಲುಗಳಲ್ಲಿ ಸಿನಿಮಾ ಹಾಡನ್ನು ಸ್ಯಾಕ್ಸಿನಲ್ಲಿ ಊದಿಸಿ ಜಾಝ್ ಎಂದು ಬೋರ್ಡು ಹಾಕುವುದನ್ನು ಕಂಡರೆ ಮೈಯೆಲ್ಲ ಉರಿ ಅವರಿಗೆ. ಊರಿನಲ್ಲಿ ಉಳಿದಿರುವ ಹಳೆಯ ವಾದಕರಲ್ಲಿ ಅಸಲಿ ಯಾರು ಎಂದು ಹುಡುಕಿ, ಅವರ ವಾದನದ ಒಂದು ಸಂಗ್ರಹ ತರಬೇಕೆಂದು ಹೊರಟಿದ್ದರು. ನಮ್ಮ ಸ್ಟುಡಿಯೋದ ಹಜಾರದಲ್ಲಿ ಅವರಿಗೂ ಖಾದರ್ ಭಾಯಿಗೂ ನಡೆದ ಜಗಳವನ್ನು ನಾನು ಚಹಾದ ತಟ್ಟೆ ಹಿಡಿದುಕೊಂಡೇ ಕೇಳಿದೆ.

“ಬ್ಲೂಸ್ ಅನ್ನೋದು ಒಂದು ಜನಾಂಗದ ನೋವು ಕಣ್ರೀ” ಎಂದರು ದಿನಕರ್. “ಹತ್ತಿ ಹೊಲದಲ್ಲಿ ಗುಲಾಮರಾಗಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ್ದು. ನಾವು ಕಾಪಿ ಹೊಡೀಬಹುದು. ಅಸಲಿ ಆಗೋದು ಕಷ್ಟ.”

“ಅವ್ರ ನೋವು ಅವ್ರದ್ದೇ ಸಾರ್. ನಾನೇನು ನಂದು ಅಂದ್ನಾ? ಸ್ಟ್ಯಾನ್ಲಿ ಸಾರ್ ನಂಗೊಂದು ರೀತಿ ಕಲ್ಸಿದ್ರು. ಹಾಲ್ ಮುಚ್ಚಿದ್ಮೇಲೆ ಅದನ್ನ ಎಲ್ಲಿ ನುಡಿಸ್ಲಿ? ಮದುವೇಲಿ ಹುಡುಗೀನ ಕಳಿಸ್ಕೊಡೋ ಹೊತ್ತಲ್ಲಿ ನುಡಿಸ್ತಿದ್ದೆ. ಅಲ್ಲಿ ಅಳದೇ ಇರೋರನ್ನ ನಾನು ನೋಡಿಲ್ಲ.”

“ಅದು ಹೆಣ್ಣು ಒಪ್ಪಿಸೋ ಮ್ಯೂಸಿಕ್ ಆಯ್ತು. ಬ್ಲೂಸ್ ಹೆಂಗಾಗತ್ತೆ?”

“ಹೆಸರು ನೀವೇ ಇಡಿ ಸಾರ್. ಮಗು ಮಾತ್ರ ನಂದು.”

ದಿನಕರ್ ನಕ್ಕುಬಿಟ್ಟರು. ಕೆಟ್ಟ ಮನುಷ್ಯರಲ್ಲ ಅವರು. “ಸರಿ, ರೆಕಾರ್ಡ್ ಮಾಡ್ಸಿ. ಕೇಳಿ ಹೇಳ್ತೀನಿ” ಎಂದರು. ಏನಿದ್ದರೆ ಅಸಲಿ, ಏನಿಲ್ಲದಿದ್ದರೆ ನಕಲಿ ಎಂದು ನಾನು ಕೇಳಿದೆ. “ಅದನ್ನ ಮೊದ್ಲೇ ಹೇಳಿದ್ರೆ ಎಲ್ರೂ ಅದನ್ನೇ ಮಾಡಿ ತೋರಿಸ್ತಾರೆ ನಾಗರಾಜ್ ಅವ್ರೇ. ಕೇಳಿದ್ರೆ ನಂಗ್ ಗೊತ್ತಾಗತ್ತೆ” ಎಂದರು.

ಅವರು ಹೋದ ಮೇಲೆ ಖಾದರ್ ಭಾಯ್ ಹಜಾರದಲ್ಲೇ ಕೂತರು. ಅವರಿಗೆ ಶ್ವಾಸಕೋಶದ ಕಾಯಿಲೆ ಶುರುವಾಗಿತ್ತು. ಜೇಬಿನಲ್ಲಿ ಎಳೆದುಕೊಳ್ಳುವ ಔಷಧದ ಡಬ್ಬಿ ಇರುತ್ತಿತ್ತು.

“ಡಾಕ್ಟ್ರು ಊದೋದು ಬಿಡಿ ಅಂದಿದಾರೆ ನಾಗಣ್ಣ. ಇದೊಂದ್ಸಲ ಊದಿ ಬಿಟ್ಬಿಡ್ತೀನಿ. ಸಂಗ್ರಹ ಗಿಂಗ್ರಹ ಎಲ್ಲ ಅತ್ಲಾಗಿರ್ಲಿ. ಸಾರ್ ಕೊಟ್ಟು ಹೋಗಿದ್ದು ನನ್ ಹತ್ರ ಸರಿಯಾಗಿ ಉಳಿದಿದ್ಯಾ ಅಂತ ತಿಳ್ದೋರೊಬ್ರು ಹೇಳ್ಬೇಕು. ಇಷ್ಟು ವರ್ಷ ಯಾರನ್ನ ಕೇಳ್ಲಿ? ಬ್ಯಾಂಡ್‌ನವರಿಗೆ ಗೊತ್ತಾಗಲ್ಲ, ಮದುವೆಯವರಿಗೆ ಬೇಕಿಲ್ಲ.”

ಅವರ ಆಸೆ ಇಷ್ಟೇ ಇತ್ತು. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಮೂರು ದಿನ ಬೆಳಗ್ಗೆ ರೆಕಾರ್ಡ್ ಮಾಡಿದೆವು. ಬೆಳಗ್ಗೆ ಮಾತ್ರ ಅವರಿಗೆ ಉಸಿರು ಹಿಡಿತಕ್ಕೆ ಬರುತ್ತಿತ್ತು. ಒಂದು ಸಾಲು ಊದಿ, ಗೋಡೆ ಹಿಡಿದು ನಿಂತು, ಸುಧಾರಿಸಿಕೊಂಡು ಇನ್ನೊಂದು ಸಾಲು. ನಾನು ಗಾಜಿನ ಈಚೆ ಕೂತು ಕೇಳುತ್ತಿದ್ದೆ. ಅವರ ಗಾಂಧಾರ, ಅಂದರೆ ಸರಿಗಮದ ಮೂರನೇ ಸ್ವರ, ವಿಚಿತ್ರವಾಗಿತ್ತು. ಕೆಳಗಿನ ಸಾಧಾರಣ ಗಾಂಧಾರವೂ ಅಲ್ಲ, ಮೇಲಿನ ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ಎಲ್ಲೋ ನಿಂತು, ಇನ್ನೇನು ಮೇಲಕ್ಕೆ ಹತ್ತುತ್ತದೆ ಎನ್ನುವಾಗ ಕೆಳಕ್ಕೆ ಜಾರುತ್ತಿತ್ತು. ಪ್ರತಿ ಸಲವೂ ಬೇರೆ ಜಾಗದಲ್ಲಿ. ತುಟಿ ಸಡಿಲ ಬಿಟ್ಟು ಹಾಗೆ ಬಾಗಿಸುತ್ತಿದ್ದರು. ಮೊದಲ ದಿನ ಅದನ್ನು ಕೇಳಿದಾಗ ನನ್ನ ಮೈಮೇಲಿನ ಕೂದಲು ನಿಂತವು. ಯಾಕೋ ನಮ್ಮಪ್ಪ ಸತ್ತ ದಿನ ನಮ್ಮಮ್ಮ ಅತ್ತದ್ದು ನೆನಪಾಯಿತು. ಅದು ಸತ್ಯ. ಕಿವಿ ಸರಿಯಾಗಿಯೇ ಹೇಳಿತ್ತು.

ಆದರೆ ಪರದೆಯ ಮೇಲೆ ನೋಡಿದರೆ ಒಂದು ಸ್ವರವೂ ಗೆರೆಯ ಮೇಲಿರಲಿಲ್ಲ. ಎಲ್ಲ ಅಷ್ಟಷ್ಟು ಕೆಳಗೆ. ಸಾಲುಗಳ ನಡುವೆ ಉಸಿರು ಎಳೆಯುವ ಸದ್ದು, ಸ್ಯಾಕ್ಸಿನ ಕೀಲಿಗಳ ಟಕಟಕ, ಒಂದೆರಡು ಕಡೆ ಕೆಮ್ಮು. ನನಗೆ ಭಯವಾಯಿತು. ದಿನಕರ್ ಅಂಥ ಕಿವಿಯವರು ಇದನ್ನು ಕೇಳಿ, ಮುದುಕ ಶ್ರುತಿ ತಪ್ಪಿದ್ದಾನೆ ಎಂದು ಅಂದುಬಿಟ್ಟರೆ? ಈ ಮನುಷ್ಯನಿಗೆ ಇದು ಕೊನೆಯ ಅವಕಾಶ. ನಾನು ಇಸ್ತ್ರಿ ನಾಗರಾಜ, ಇವರಿಗಾಗಿ ಇಷ್ಟೂ ಮಾಡದಿದ್ದರೆ ಹೇಗೆ? ಎರಡು ದಿನ ಕೂತು ಒಂದೊಂದೇ ಸ್ವರವನ್ನು ಗೆರೆಗೆ ಕೂರಿಸಿದೆ. ಉಸಿರು ತೆಗೆದೆ, ಟಕಟಕ ತೆಗೆದೆ, ಕೆಮ್ಮು ತೆಗೆದೆ. ಅಷ್ಟು ಅಚ್ಚುಕಟ್ಟಾಗಿ ನಾನು ಯಾರಿಗೂ ಮಾಡಿರಲಿಲ್ಲ. ಪ್ರೀತಿಯಿಂದ ಮಾಡಿದೆ. ಮರುದಿನ ಭಜನಾ ಮಂಡಳಿಯವರ ರೆಕಾರ್ಡಿಂಗ್ ಇತ್ತು. ರಾಯರ ನೇಮದಂತೆ ಕಚ್ಚಾ ಮಾಲನ್ನು ಅಳಿಸಿ ಡಿಸ್ಕ್ ಖಾಲಿ ಮಾಡಿದೆ. ಅಳಿಸದಿದ್ದರೂ ಡಿಸ್ಕಿನಲ್ಲಿ ಬೇಕಾದಷ್ಟು ಜಾಗ ಇತ್ತು. ಕೈಗೆ ಅಭ್ಯಾಸವಾಗಿತ್ತು, ಅಳಿಸಿತು.

ದಿನಕರ್ ಬರುವ ದಿನ ಖಾದರ್ ಭಾಯಿಯನ್ನು ಅವರ ಮಗಳು ಶಾಹೀನ್ ಸ್ಕೂಟರಿನಲ್ಲಿ ಕರೆತಂದು ಬಿಟ್ಟು ಹೋದಳು. ಅವಳು ಶಾಲೆಯಲ್ಲಿ ಟೀಚರ್. ತಂದೆಗೆ ಬಿಳಿ ಅಂಗಿ ತೊಡಿಸಿ ಅತ್ತರು ಹಚ್ಚಿ ಕಳಿಸಿದ್ದಳು. ದಿನಕರ್ ಇನ್ನೂ ಬಂದಿರಲಿಲ್ಲ. ನಾನು ಉತ್ಸಾಹದಿಂದ ಹಾಕಿ ಕೇಳಿಸಿದೆ. ಅವರು ತಲೆ ವಾರೆ ಮಾಡಿಕೊಂಡು ಕೇಳಿದರು.

“ಇದು ನಾನಾ ನಾಗಣ್ಣ?”

“ನೀವೇ ಭಾಯ್. ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದೀನಿ ಅಷ್ಟೆ.”

“ಏನ್ ಸರಿ ಮಾಡಿದ್ರಿ?”

ನಾನು ಪರದೆ ತೋರಿಸಿದೆ. ಗೆರೆ ಎಲ್ಲಿರುತ್ತದೆ, ಅವರ ಸ್ವರ ಎಷ್ಟು ಕೆಳಗೆ ಬಿದ್ದಿತ್ತು, ಈಗ ಹೇಗೆ ಕೂತಿದೆ ಎಂದು ಬೆರಳಿಟ್ಟು ವಿವರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಹತ್ತಿರ ಬಗ್ಗಿ ನೋಡಿದರು.

“ಇಷ್ಟೊಂದು ಕಡೆ ತಪ್ಪಿತ್ತಾ?”

“ಎಲ್ಲಾ ಕೂರಿಸಿದೀನಿ ಬಿಡಿ. ಯಾರಿಗೂ ಗೊತ್ತಾಗಲ್ಲ” ಎಂದೆ. ಹಾಗೆಂದಾಗ ನನ್ನ ದನಿಯಲ್ಲಿದ್ದ ಹೆಮ್ಮೆ ಈಗಲೂ ನನ್ನ ಕಿವಿಯಲ್ಲಿದೆ.

ದಿನಕರ್ ಬಂದರು. ಕಣ್ಣು ಮುಚ್ಚಿ ಕೂತು ಎರಡು ಹಾಡು ಪೂರ್ತಿ ಕೇಳಿದರು, ಮೂರನೆಯದಕ್ಕೆ ಕೈಯೆತ್ತಿ ಸಾಕು ಎಂದರು. ಖಾದರ್ ಭಾಯಿಯ ಕೈ ಹಿಡಿದುಕೊಂಡು, “ತುಂಬಾ ನೀಟಾಗಿ ನುಡಿಸಿದೀರಿ. ಆದ್ರೆ ನಾನು ಹುಡುಕ್ತಿರೋದು ಇದಲ್ಲ, ಬೇಜಾರ್ ಮಾಡ್ಕೋಬೇಡಿ” ಎಂದರು. ಖಾದರ್ ಭಾಯ್ “ಇಲ್ಲ ಸಾರ್” ಎಂದರು.

ನಾನು ಗೇಟಿನವರೆಗೆ ಹೋದೆ. ಅಲ್ಲಿ ದಿನಕರ್ ಕಾರಿನ ಬಾಗಿಲು ಹಿಡಿದು ನಿಂತು ಹೇಳಿದರು, “ಬ್ಲೂಸ್‌ನ ಜೀವ ಇರೋದೇ ಬಾಗೋ ಸ್ವರದಲ್ಲಿ ನಾಗರಾಜ್ ಅವ್ರೇ. ಆ ಮೂರನೇ ಸ್ವರ ನಿಂತ ಕಡೆ ನಿಲ್ಲಬಾರ್ದು, ಜಾರ್ಬೇಕು. ಇವ್ರದ್ದು ಹಾರ್ಮೋನಿಯಂ ಒತ್ತಿದ ಹಂಗಿದೆ. ಅಷ್ಟು ವರ್ಷ ಅಂಥವರ ಪಕ್ಕ ನಿಂತೂ ಒಂದೇ ಒಂದು ಸ್ವರ ಬಾಗಿಲ್ಲ. ನಂಗೇ ದುಃಖ ಆಯ್ತು.”

ಬಾಗಿತ್ತು ಸಾರ್, ಎಲ್ಲವೂ ಬಾಗಿತ್ತು, ನೆಟ್ಟಗೆ ಮಾಡಿದವನು ನಾನು ಎಂದು ಹೇಳಲು ಆ ಗೇಟಿನಲ್ಲಿ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ. ತೋರಿಸೋಣವೆಂದರೆ ಮೂಲ ಉಳಿದಿರಲಿಲ್ಲ. ಇನ್ನು ಕೆಲವೇ ತಿಂಗಳಿಗೆ ನಾನು ನಿವೃತ್ತನಾಗುವವನಿದ್ದೆ. ಕೆಲಸ ಬಿಡುವ ಹೊತ್ತಿಗೆ ಇಂಥ ಹೆಸರು ಹೊತ್ತುಕೊಂಡು ಹೋಗಲೇ ಎಂದು ಯೋಚಿಸಿದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ. ಕಾರು ಹೊರಟುಹೋಯಿತು.

ಒಳಗೆ ಖಾದರ್ ಭಾಯ್ ಕಾಯುತ್ತಿದ್ದರು. “ಏನಂದ್ರು?” ಎಂದು ಕೇಳಿದರು.

“ಅವ್ರ ಟೇಸ್ಟೇ ಬೇರೆ, ಬಿಡಿ ಭಾಯ್.”

ಅವರು ತಲೆಯಾಡಿಸಿದರು. ಸ್ಯಾಕ್ಸನ್ನು ಬಟ್ಟೆಯಿಂದ ನಿಧಾನಕ್ಕೆ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಆಟೋ ಕರೆಸಿ ಎಂದರು.

ಅವರು ಹೋದ ಮೇಲೆ ನಾನು ಅಳಿಸಿದ್ದನ್ನು ಹುಡುಕಲು ಏನೇನೋ ಮಾಡಿದೆ. ತಿಳಿದವರನ್ನು ಕರೆಸಿದೆ. ಆ ಜಾಗದ ಮೇಲೆ ಭಜನೆ ಕೂತಿತ್ತು, ಏನೂ ಸಿಗಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಕೆಲಸಕ್ಕೆ ಬರುವವರಿಗೆ ನಾನು ಕೊಡಬಹುದಾದ ಬುದ್ಧಿಮಾತು ಒಂದೇ. ಮೊದಲು ಹಿಡಿದದ್ದನ್ನು ಅಳಿಸಬೇಡಿ. ಜನ ತಪ್ಪು ಎನ್ನಲಿ, ಯಜಮಾನರು ಬೈಯಲಿ, ಇಟ್ಟುಕೊಳ್ಳಿ.

ಆದರೆ ಅಳಿಸಿದ್ದಕ್ಕಿಂತ ದೊಡ್ಡ ತಪ್ಪು ಅದರ ಮುಂದಿನದು. ಹೋಗಿ ಹೇಳಿಬಿಡಬೇಕು ಎಂದು ಎರಡು ಸಲ ಅವರ ಮನೆಗೆ ಹೋದೆ. ಮೊದಲ ಸಲ ಅವರು ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಮತ್ತೊಮ್ಮೆ ಊದುತ್ತೀರಾ ಎಂದು ಕೇಳಿದೆ. ಮಾತಾಡುವುದಕ್ಕೇ ಉಸಿರಿಲ್ಲ ಎಂದು ಕೈಸನ್ನೆ ಮಾಡಿ ನಕ್ಕರು. ಆ ನಗು ನೋಡಿ ನಾನು ಅವರ ದಿಂಬು ಸರಿಮಾಡಿ ಹೊರಟು ಬಂದೆ. ಎರಡನೆಯ ಸಲ ಹೋದಾಗ ಬೀರುವಿನ ಮೇಲಿರುತ್ತಿದ್ದ ಸ್ಯಾಕ್ಸಿನ ಪೆಟ್ಟಿಗೆ ಕಾಣಲಿಲ್ಲ. ಕೇಳಿದರೆ, ಬ್ಯಾಂಡ್‌ನವರಿಗೆ ಕೊಟ್ಟೆ ಎಂದರು. ಅದನ್ನು ಅವರು ಐವತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡಿದ್ದರು. ಯಾಕೆ ಕೊಟ್ಟಿರಿ ಎಂದು ನಾನು ಕೇಳಬೇಕಿತ್ತು. ಮೆಟ್ರೋ ಕಾಮಗಾರಿ, ಮೊಣಕಾಲು ನೋವು, ಅವರಿವರ ಮಕ್ಕಳ ಮದುವೆ, ಇವನ್ನೇ ಮಾತಾಡಿ ಎದ್ದು ಬಂದೆ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರ, ಅದರ ಮುಂದಿನ ವಾರ ಎಂದುಕೊಂಡೇ ಇದ್ದೆ. ಒಂದು ಬೆಳಗ್ಗೆ ಶಾಹೀನ್ ಫೋನ್ ಮಾಡಿ, ಅಬ್ಬಾ ಹೋದರು ಎಂದಳು. ಖಬರಸ್ತಾನದಲ್ಲಿ ಎಲ್ಲರ ಹಿಂದೆ ನಿಂತಿದ್ದೆ. ಮಣ್ಣು ಹಾಕಲು ಮುಂದೆ ಹೋಗುವ ಧೈರ್ಯ ಆಗಲಿಲ್ಲ.

ನಲವತ್ತನೆಯ ದಿನ ಕಳೆದ ಮೇಲೆ ಅವಳೇ ಕರೆದಳು. “ಅಬ್ಬಾದು ಆ ರೆಕಾರ್ಡಿಂಗ್ ನಿಮ್ ಹತ್ರ ಇದೆಯಲ್ಲ ಅಂಕಲ್. ನಮ್ಗೊಂದು ಬೇಕಿತ್ತು” ಎಂದಳು. ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಹೋದೆ. ಚಹಾ ಕೊಟ್ಟು, ಲ್ಯಾಪ್‌ಟಾಪಿಗೆ ಸಿಕ್ಕಿಸಿ ಕೇಳಿದಳು. ನೆಟ್ಟಗೆ ನಿಂತ ಸ್ವರಗಳು ಒಂದರ ಹಿಂದೆ ಒಂದು ಬಂದವು.

“ಎಷ್ಟು ಕರೆಕ್ಟಾಗಿದೆ” ಎಂದಳು. ಅಳಲಿಲ್ಲ. ಅಳು ಬರುವಂಥದ್ದೇನೂ ಅದರಲ್ಲಿ ಉಳಿದಿರಲಿಲ್ಲ. “ಅಬ್ಬಾ ಹೇಳಿದ್ರು ಅಂಕಲ್. ‘ಸ್ಟ್ಯಾನ್ಲಿ ಸಾರ್ ಕೊಟ್ಟಿದ್ದನ್ನ ಐವತ್ತು ವರ್ಷ ತಪ್ಪಾಗೇ ನುಡಿಸ್ಕೊಂಡ್ ಬಂದೆ ಬೇಟಾ. ನಾಗಣ್ಣ ಕಂಪ್ಯೂಟರ್‌ನಲ್ಲಿ ತೋರಿಸಿದ್ರು, ಒಂದೂ ಗೆರೆ ಮೇಲೆ ಇರ್ಲಿಲ್ಲ. ಪಾಪ, ಅವ್ರು ಎಲ್ಲಾನೂ ಸರಿ ಮಾಡಿಕೊಟ್ರು. ಅಷ್ಟಾದ್ರೂ ಆ ಸಾರ್ ಒಪ್ಲಿಲ್ಲ ಅಂದ್ಮೇಲೆ ಮುಗೀತು’ ಅಂತ. ಹಿಂಗಂದ ಮಾರನೇ ದಿನಾನೇ ಸ್ಯಾಕ್ಸ್ ಕೊಟ್ಬಿಟ್ರು. ನಿಮ್ಗೆ ಮಾತ್ರ ತುಂಬಾ ದುವಾ ಮಾಡ್ತಿದ್ರು.”

ಆಗ ಹೇಳಿದೆ. ಗೇಟಿನಲ್ಲಿ ದಿನಕರ್ ಅಂದದ್ದು, ಅವಳ ತಂದೆಯ ಸ್ವರ ಬಾಗಬೇಕಾದ ಹಾಗೆಯೇ ಬಾಗಿದ್ದು, ಅದನ್ನು ನಾನು ಗೆರೆಗೆ ಎಳೆದದ್ದು, ಮೂಲವನ್ನು ಅಳಿಸಿದ್ದು, ಅಳಿಸಿ ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ. ತಪ್ಪು ಅವರದಲ್ಲಮ್ಮ, ಅವರ ಮೇಷ್ಟ್ರು ಕೊಟ್ಟದ್ದು ಅವರ ಹತ್ತಿರ ಪೂರ್ತಿ ಉಳಿದಿತ್ತು ಎಂದೆ.

ಶಾಹೀನ್ ಹಾಡು ನಿಲ್ಲಿಸಿದಳು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಪೆನ್ ಡ್ರೈವನ್ನು ಕಿತ್ತು, ಮುಚ್ಚಳ ಹಾಕಿ, ನನ್ನ ಕೈಗೆ ವಾಪಸು ಕೊಟ್ಟಳು.

“ನನಗಲ್ಲ ಅಂಕಲ್” ಎಂದಳು. “ಅವ್ರಿಗೆ ಹೇಳ್ಬೇಕಿತ್ತು.”